ಕಲಿಸಲು ಬಂದು ಕಲಿತ ಮೋಗ್ಲಿಂಗರು

ಗುಂತಕಲ್ಲಿನಿಂದ ರಾಯಚೂರಿಗೆ ಹೋಗುವ ರೈಲಿನಲ್ಲಿ ಆದವಾನಿಗೆ ಮುಂಚೆ ಸಿಗುವ ಸಣ್ಣ ನಿಲ್ದಾಣ ಆಸ್ಪರಿ. ಸುತ್ತ ಎರೆಹೊಲ. ಹತ್ತಿ, ಶೇಂಗಾ, ಈರುಳ್ಳಿ, ಈಚಿನ ವರ್ಷಗಳಲ್ಲಿ ಟೊಮೆಟೊ. ಮಳೆ ಕೈಕೊಟ್ಟ ವರ್ಷ ಗಂಡ ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಮೆಣಸಿನಕಾಯಿ ಬಿಡಿಸುವ ಕೂಲಿಗೆಂದು ಗುಂಟೂರು ಸೀಮೆಗೆ ಹೊರಟುಬಿಡುತ್ತಾರೆ. ಈ ಸೀಮೆಯ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ನಾವು ಪಾಠ ಹೇಳುತ್ತೇವೆ. ಕಾಸರಗೋಡಿನ ಸ್ನೇಹಿತರೊಬ್ಬರು ಅಂಚೆಯಲ್ಲಿ ಕಳಿಸುವ ಈ ಪತ್ರಿಕೆ ತಡವಾಗಿಯಾದರೂ ನಮ್ಮ ಕೈ ಸೇರುತ್ತದೆ. ಅದನ್ನು ಓದುವಾಗಲೆಲ್ಲ ಕಾಸರಗೋಡಿನ ಕನ್ನಡಿಗರೂ ಆದವಾನಿಯ ಕನ್ನಡಿಗರೂ ಒಂದೇ ಮನೆಯ ಎರಡು ಕೋಣೆಗಳಲ್ಲಿ ಇರುವವರೆಂದು ನಮಗೆ ತೋರುತ್ತದೆ. ಒಂದು ಕಾಲಕ್ಕೆ ಈ ಎರಡು ಸೀಮೆಗಳೂ ಮದರಾಸು ಅಧಿಪತ್ಯಕ್ಕೆ ಸೇರಿದ್ದವು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಮೂರು ವರ್ಷ ಕಳೆದು 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು.

ಇಂಥ ಎರಡು ಗಡಿಗಳ ನಡುವೆ ಕನ್ನಡದ ಮೊದಲನೆಯ ಪತ್ರಿಕೆಯನ್ನು ನಡೆಸಿದವರೊಬ್ಬರ ಬಾಳನ್ನು ಇಲ್ಲಿ ನೆನೆಯಬೇಕೆಂದಿದ್ದೇವೆ. ಅವರು ಹುಟ್ಟಿನಿಂದ ಕನ್ನಡಿಗರಲ್ಲ. ಕ್ರೈಸ್ತ ಧರ್ಮವನ್ನು ಸಾರಬೇಕೆಂದು ಜರ್ಮನಿಯಿಂದ ಬಂದ ಪಾದ್ರಿ. ಹೆಸರು ಹರ್ಮನ್ ಮೋಗ್ಲಿಂಗ್. ಪ್ರತಿ ವರ್ಷ ಜುಲೈ 1ರಂದು ಪತ್ರಿಕಾ ದಿನಾಚರಣೆಯ ಸಭೆಗಳಲ್ಲಿ ಅವರ ಭಾವಚಿತ್ರಕ್ಕೆ ಹಾರ ಹಾಕುತ್ತಾರೆ. ಆದರೆ ಹಾರ ಹಾಕಿಸಿಕೊಂಡವರ ಬಾಳಿನಲ್ಲಿ ಎಷ್ಟು ಸೋಲು, ಎಷ್ಟು ಬದಲಾವಣೆ ಇತ್ತೆಂಬುದನ್ನು ಸಭೆಯಲ್ಲಿ ಹೇಳುವವರು ಕಡಿಮೆ.

ವಿದ್ಯೆಯ ಊರಿನಿಂದ ಕರಾವಳಿಗೆ

ಮೋಗ್ಲಿಂಗರು ಹುಟ್ಟಿದ್ದು 1811ರ ಮೇ 29ರಂದು, ವುರ್ಟೆಂಬರ್ಗ್ ರಾಜ್ಯದ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರವನ್ನು ಓದಿದರು. ಆಗ ಆ ವಿದ್ಯಾಲಯದಲ್ಲಿ ಹೊಸ ಗಾಳಿ ಬೀಸುತ್ತಿತ್ತು. ಬೈಬಲ್ಲನ್ನು ಇತಿಹಾಸದ ಒರೆಗಲ್ಲಿಗೆ ಹಚ್ಚಿ ನೋಡಬೇಕೆಂಬ ಪಂಡಿತರು ಅಲ್ಲಿ ತಲೆಯೆತ್ತಿದ್ದರು. 1835ರಲ್ಲಿ ಸ್ಟ್ರೌಸ್ ಎಂಬ ವಿದ್ವಾಂಸ ಯೇಸುವಿನ ಜೀವನವನ್ನು ಕುರಿತು ಬರೆದ ಗ್ರಂಥ ಇಡೀ ಯುರೋಪಿನ ಕ್ರೈಸ್ತ ಸಮಾಜವನ್ನು ಅಲುಗಾಡಿಸಿತು. ಅಂಥ ಸಂಶಯದ ನಡುವೆ ಬೆಳೆದವನ ಭಕ್ತಿ ಒಂದೋ ಕರಗಿಹೋಗಬೇಕು, ಇಲ್ಲವೇ ಗಟ್ಟಿಯಾಗಬೇಕು. ಮೋಗ್ಲಿಂಗರದು ಗಟ್ಟಿಯಾಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಸಂಸ್ಥೆಯನ್ನು ಸೇರಿ 1836ರಲ್ಲಿ ಹಡಗು ಹತ್ತಿದರು. ಆಗ ಅವರಿಗೆ ಇಪ್ಪತ್ತೈದು ವಯಸ್ಸು.

ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಎರಡು ವರ್ಷ ಮೊದಲೇ, 1834ರಲ್ಲಿ, ಮಂಗಳೂರಿಗೆ ಬಂದಿದ್ದರು. ಇಂಗ್ಲೆಂಡಿನವರಲ್ಲದ ಪಾದ್ರಿಗಳೂ ಕಂಪನಿಯ ಸೀಮೆಯಲ್ಲಿ ನೆಲಸಲು ದಾರಿಯಾದದ್ದು 1833ರ ಸನದಿನಿಂದ. ಅವರು ಬಂದ ಕಾಲ ಶಾಂತವಾದ ಕಾಲವಲ್ಲ. 1834ರಲ್ಲಿ ಕೊಡಗಿನ ಅರಸನನ್ನು ಕಂಪನಿಯವರು ಪಟ್ಟದಿಂದ ಇಳಿಸಿದ್ದರು. 1837ರ ಏಪ್ರಿಲಿನಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಮಂಗಳೂರನ್ನೇ ಹಿಡಿಯಿತು. ಕಲ್ಯಾಣಪ್ಪನ ಕಾಟಕಾಯಿ ಎಂದು ನಿಮ್ಮ ಕಡೆಯ ಹಿರಿಯರು ಹೇಳುವುದು ಇದನ್ನೇ. ದಂಡು ಬಹುದಿನ ನಿಲ್ಲಲಿಲ್ಲ. ಹಿಡಿದವರನ್ನು ಗಲ್ಲಿಗೇರಿಸಿದರು. ಅರಸು ಹೋಗಿ, ಕಂದಾಯ ನಾಣ್ಯದಲ್ಲಿ ಕೊಡಬೇಕಾಗಿ ಬಂದು, ಹೊಸ ಕಾಯಿದೆ ಕೋರ್ಟು ಬಂದು ಜನ ದಿಕ್ಕು ತೋಚದೆ ಇದ್ದ ಹೊತ್ತಿನಲ್ಲಿ ಈ ತರುಣ ಪಾದ್ರಿ ಕನ್ನಡದ ಅಕ್ಷರಾಭ್ಯಾಸಕ್ಕೆ ಕುಳಿತರು.

ಬಂದವರ ಮನಸ್ಸಿನಲ್ಲಿ ಕಲಿಸಬೇಕೆಂಬ ಆತುರವೇ ಹೆಚ್ಚು. ಮೋಗ್ಲಿಂಗರೂ ಅದಕ್ಕೆ ಹೊರತಲ್ಲ. ಹುಬ್ಬಳ್ಳಿ ಧಾರವಾಡದ ಕಡೆಗೆ ಹೋಗಿ, ಕಾಲಜ್ಞಾನವನ್ನು ನಂಬಿದ ಒಂದು ಗುಂಪಿನ ಜನರು ಇಡಿಯಾಗಿ ತಮ್ಮ ಮತಕ್ಕೆ ಬರುವರೆಂದು ಆಶೆಪಟ್ಟರು. ಆ ಆಶೆ ಫಲಿಸಲಿಲ್ಲ. ಮಂಗಳೂರಿಗೆ ಮರಳಿ ಹುಡುಗರ ಶಾಲೆಯೊಂದರ ಹೊಣೆ ಹೊತ್ತರು. ಮಂಗಳೂರಿನ ಬಲ್ಮಠದಲ್ಲಿ ಮುಂದೆ ಬೆಳೆದ ದೇವತಾಶಾಸ್ತ್ರ ವಿದ್ಯಾಲಯಕ್ಕೆ ಇದೇ ಬೇರು. ಹುಡುಗರೊಡನೆ ಇದ್ದು ಪಾಠ ಹೇಳುವಾಗ ಅವರಿಗೆ ಒಂದು ಮಾತು ಮನವರಿಕೆಯಾಯಿತು. ಈ ಜನರ ಗಾದೆ, ಹಾಡು, ಪುರಾಣ ಗೊತ್ತಿಲ್ಲದವನು ಇವರಿಗೆ ಏನನ್ನೂ ಹೇಳಲಾರ. ಮಾಸ್ತರಿಕೆಯ ಮೊದಲ ಪಾಠ ಅದೇ ಅಲ್ಲವೆ? ಟಿ.ಸಿ.ಎಚ್. ಮುಗಿಸಿ ಹೊಸದಾಗಿ ತರಗತಿಗೆ ಕಾಲಿಟ್ಟ ದಿನಗಳಲ್ಲಿ, ಮನೆಯಲ್ಲಿ ತೆಲುಗು ಆಡುವ ಮಕ್ಕಳಿಗೆ ಕನ್ನಡ ಪದ್ಯ ಹೇಳಹೊರಟ ನಮಗೂ ಅದು ತಡವಾಗಿಯೇ ತಿಳಿಯಿತು.

ಕಲ್ಲಚ್ಚಿನ ಪತ್ರಿಕೆ

1841ರಲ್ಲಿ ಮೋಗ್ಲಿಂಗರ ಜೊತೆಗಾರ ವೈಗ್ಲೆ ಎಂಬವರು ಮುಂಬಯಿಯಿಂದ ಕಲ್ಲಚ್ಚಿನ ಸಾಮಾನು ತಂದು ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯವನ್ನು ಆರಂಭಿಸಿದ್ದರು. ಕಲ್ಲಚ್ಚು ಎಂದರೆ ಅಚ್ಚುಮೊಳೆ ಜೋಡಿಸುವ ಕೆಲಸವಲ್ಲ. ಎಣ್ಣೆಮಸಿಯಿಂದ ಕೈಬರಹವನ್ನು ನುಣುಪಾದ ಕಲ್ಲಿನ ಮೇಲೆ ಇಳಿಸಬೇಕು. ಕಲ್ಲನ್ನು ನೀರಿನಿಂದ ಒದ್ದೆ ಮಾಡಿ ಮಸಿ ಹಚ್ಚಿದರೆ ಬರಹವಿದ್ದಲ್ಲಿ ಮಾತ್ರ ಮಸಿ ಹಿಡಿಯುತ್ತದೆ. ಅದರ ಮೇಲೆ ಕಾಗದವನ್ನಿಟ್ಟು ಒತ್ತಬೇಕು. ಲೇಖಕನ ಕೈಬರಹ ಚೆನ್ನಾಗಿದ್ದರೆ ಅಚ್ಚೂ ಚೆನ್ನ.

ತಾ. 1-7-1843ರಂದು ಇದೇ ಕಲ್ಲಿನಿಂದ ಮಂಗಳೂರ ಸಮಾಚಾರ ಹೊರಬಂದಿತು. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ, ಬೆಲೆ ಒಂದು ದುಡ್ಡು. ಸಂಪಾದಕರು ಮೂವತ್ತೆರಡು ವರ್ಷದ ಮೋಗ್ಲಿಂಗರು. ಊರ ಸುದ್ದಿ, ಹೊರದೇಶಗಳ ಸುದ್ದಿ, ಸರಕಾರದ ಹೊಸ ಆಜ್ಞೆಗಳು, ನೀತಿಕಥೆ, ಗಾದೆ, ದಾಸರ ಹಾಡು, ಓದುಗರ ಪತ್ರ ಇವೆಲ್ಲ ಅದರಲ್ಲಿ ಇರುತ್ತಿದ್ದವು. ಮಿಶನ್ನಿನ ಪತ್ರಿಕೆಯಾದರೂ ಬರೇ ಮತಬೋಧೆಯ ಕರಪತ್ರವಾಗಲಿಲ್ಲ. ಕಂದಾಯ ಕಚೇರಿಯಲ್ಲಿ ಏನು ಹುಕುಂ ಆಗಿದೆಯೆಂದು ತಿಳಿಯಲು ಶಾನುಭೋಗರ ಬಾಯನ್ನೇ ನೋಡುತ್ತಿದ್ದ ಜನಕ್ಕೆ ಅದನ್ನು ಅಚ್ಚಿನಲ್ಲಿ ಓದುವ ಅವಕಾಶ ಅದೇ ಮೊದಲು. ಆಗಿನ ಅಧಿಕಾರ ವರ್ಗಕ್ಕೆ ಇದೇನು ಸಣ್ಣ ಮಾತಲ್ಲ.

ಪತ್ರಿಕೆಗೆ ಬೇಡಿಕೆ ಬಂದದ್ದು ಮಂಗಳೂರಿನಿಂದ ಮಾತ್ರವಲ್ಲ. ಮೈಸೂರು ಸೀಮೆಯಲ್ಲೂ ಬಳ್ಳಾರಿಯಲ್ಲೂ ಓದುವವರಿದ್ದರು. ಆಗ ರೈಲು ಇಲ್ಲ. ಮದರಾಸಿನ ರೈಲುದಾರಿ ಆದವಾನಿಯನ್ನು ಹಾದು ರಾಯಚೂರು ಮುಟ್ಟಿದ್ದು 1871ರಲ್ಲಿ. ದೇಶಕ್ಕೆಲ್ಲ ಒಂದೇ ದರದ ಅಂಚೆ ಬಂದದ್ದು 1854ರಲ್ಲಿ. ಅದಕ್ಕೆ ಮೊದಲು ದೂರ ಹೆಚ್ಚಿದಂತೆ ಟಪಾಲಿನ ಖರ್ಚೂ ಹೆಚ್ಚುತ್ತಿತ್ತು. ಓಟದ ಟಪಾಲಿನವನು ಘಟ್ಟ ಹತ್ತಿ ಕಾಡು ದಾಟಿ ಈ ಪತ್ರಿಕೆಯನ್ನು ಒಯ್ಯಬೇಕಿತ್ತು.

ಬಳ್ಳಾರಿಯ ಪಾತ್ರ

ಇಲ್ಲಿಗೆ ನಮ್ಮ ಸೀಮೆಯ ಕಥೆ ಸೇರುತ್ತದೆ. ಕಲ್ಲಚ್ಚಿನಲ್ಲಿ ಹೆಚ್ಚು ಪ್ರತಿ ತೆಗೆಯುವುದು ಕಷ್ಟ. ಅಚ್ಚುಮೊಳೆಯ ಕನ್ನಡ ಮುದ್ರಣ ಆಗ ಬಳ್ಳಾರಿಯಲ್ಲಿತ್ತು. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿಯೇ ಬಳ್ಳಾರಿಗೆ ಬಂದು ನೆಲಸಿ, ಕನ್ನಡ ಕಲಿತು, ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದರು. ಅವರ ಜೊತೆಗಿದ್ದ ವಿಲಿಯಂ ರೀವ್ ಎಂಬವರ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಿತ್ತು. ಕಿಟೆಲ್ ನಿಘಂಟು ಬಂದದ್ದು 1894ರಲ್ಲಿ, ಅಂದರೆ ಅರವತ್ತೆರಡು ವರ್ಷದ ನಂತರ. ಹೀಗೆ ಕನ್ನಡದ ಹೊಸ ಗದ್ಯಕ್ಕೆ ನೆಲ ಹಸನು ಮಾಡಿದ ಊರುಗಳಲ್ಲಿ ಬಳ್ಳಾರಿಯೂ ಒಂದು. ಅಂದು ಆದವಾನಿ ಸೀಮೆಗೂ ಅದೇ ಜಿಲ್ಲಾ ಕೇಂದ್ರ.

1844ರಲ್ಲಿ ಮೋಗ್ಲಿಂಗರ ಪತ್ರಿಕೆಯ ಮುದ್ರಣ ಬಳ್ಳಾರಿಗೆ ಬಂದಿತು. ಹೆಸರೂ ಬದಲಾಯಿತು. ಮಂಗಳೂರ ಸಮಾಚಾರ ಹೋಗಿ ಕನ್ನಡ ಸಮಾಚಾರವಾಯಿತು. ಈ ಹೆಸರಿನ ಬದಲಾವಣೆಯನ್ನು ಓದುಗರು ಗಮನಿಸಬೇಕು. ಒಂದು ಊರಿನ ಹೆಸರನ್ನು ಬಿಟ್ಟು ಒಂದು ಭಾಷೆಯ ಹೆಸರನ್ನು ಹಿಡಿದ ಪತ್ರಿಕೆ ಅದು. ಕನ್ನಡ ನಾಡೆಂಬುದು ಆಗ ಭೂಪಟದಲ್ಲಿ ಎಲ್ಲಿಯೂ ಇರಲಿಲ್ಲ. ಕರಾವಳಿ ಮತ್ತು ಬಳ್ಳಾರಿ ಮದರಾಸಿಗೆ, ಧಾರವಾಡ ಮುಂಬಯಿಗೆ, ರಾಯಚೂರು ನಿಜಾಮನಿಗೆ, ಮೈಸೂರು ಕಮಿಶನರನಿಗೆ. ಹಂಚಿಹೋದ ಜನರನ್ನೆಲ್ಲ ಒಂದೇ ಓದುಗ ಸಮೂಹವೆಂದು ಎಣಿಸಿದ್ದು ಒಂದು ಸಣ್ಣ ಪತ್ರಿಕೆ. ಅದು ಬಹುಕಾಲ ಬಾಳಲಿಲ್ಲ ನಿಜ. ಆದರೆ ದಾರಿ ಬಿದ್ದಿತು.

ಇನ್ನೊಂದು ಸಂಗತಿ ಕಾಸರಗೋಡಿನ ಓದುಗರಿಗೆ ವಿಶೇಷವಾಗಿ ರುಚಿಸಬಹುದು. ಮಲಯಾಳ ನಿಘಂಟಿನ ಹರ್ಮನ್ ಗುಂಡರ್ಟರು ಮೋಗ್ಲಿಂಗರ ಆಪ್ತ ಸ್ನೇಹಿತರು. ಅವರೂ ಟ್ಯೂಬಿಂಗನ್ನಿನಲ್ಲಿ ಓದಿದವರೇ. 1838ರಲ್ಲಿ ಮಂಗಳೂರಿಗೆ ಬಂದು ಬಾಸೆಲ್ ಮಿಶನ್ ಸೇರಿದ ಗುಂಡರ್ಟರು ಮರುವರ್ಷ ತಲಶ್ಶೇರಿಗೆ ಹೋದರು. 1847ರಲ್ಲಿ ಅಲ್ಲಿನ ಇಲ್ಲಿಕ್ಕುನ್ನಿನಿಂದ ರಾಜ್ಯಸಮಾಚಾರಂ ಎಂಬ ಮಲಯಾಳದ ಮೊದಲ ಪತ್ರಿಕೆಯನ್ನು ಹೊರಡಿಸಿದರು. ಅದೂ ಕಲ್ಲಚ್ಚಿನದೇ. ಎರಡು ಭಾಷೆಗಳ ಮೊದಲ ಪತ್ರಿಕೆಗಳನ್ನು ಇಬ್ಬರು ಸ್ನೇಹಿತರು ನಾಲ್ಕು ವರ್ಷದ ಅಂತರದಲ್ಲಿ ಕಾಸರಗೋಡಿನ ತೆಂಕಣ ಬಡಗಣ ಎರಡು ಮಗ್ಗುಲಲ್ಲಿ ಹುಟ್ಟಿಸಿದರು. ಭಾಷೆಗಳು ಜಗಳವಾಡಲೇಬೇಕೆಂಬ ನಿಯಮವೇನೂ ಇಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ನಂಬಿಕೆಯ ಬೆಲೆ

ಮೋಗ್ಲಿಂಗರನ್ನು ಹೊಗಳುವವರು ಸಾಮಾನ್ಯವಾಗಿ ಪತ್ರಿಕೆ ಮತ್ತು ಪುಸ್ತಕಗಳ ಮಾತನ್ನಷ್ಟೇ ಆಡಿ ಮತಾಂತರದ ಮಾತನ್ನು ಬಿಟ್ಟುಬಿಡುತ್ತಾರೆ. ತೆಗಳುವವರು ಮತಾಂತರದ ಮಾತನ್ನಷ್ಟೇ ಆಡುತ್ತಾರೆ. ಎರಡೂ ಸರಿಯಲ್ಲ. ಅವರು ಬಂದದ್ದು ಮತ ಸಾರುವುದಕ್ಕೇ. ಅದನ್ನು ಅವರು ಮುಚ್ಚಿಡಲೂ ಇಲ್ಲ.

1844ರ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ಎಂಬ ತರುಣ ಮೋಗ್ಲಿಂಗರಿಂದ ಪ್ರಭಾವಿತನಾಗಿ ದೀಕ್ಷಾಸ್ನಾನ ಹೊಂದಿದನು. ಹುಟ್ಟಿದ್ದು 1825ರಲ್ಲಿ, ಅಂದರೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಗುರುವಿನ ಹೆಸರನ್ನೇ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯನಾದನು. ಊರಲ್ಲಿ ಕೋಲಾಹಲವೆದ್ದಿತು. ಮಿಶನ್ ಮನೆಗೆ ಸರಕಾರಿ ಕಾವಲು ಬೇಕಾಯಿತು. ತಂದೆತಾಯಿಯರಿಗೆ ಮಗ ಹೋದನು. ಎಳೆಯ ಹೆಂಡತಿ ಬಹುಕಾಲ ಅವನನ್ನು ಅಗಲಿಯೇ ಇದ್ದಳು. ಒಬ್ಬನ ಅಂತಃಕರಣದ ಸ್ವಾತಂತ್ರ್ಯಕ್ಕೆ ಒಂದು ಕುಟುಂಬವೇ ಬೆಲೆ ತೆರಬೇಕಾಯಿತು. ಇದರಲ್ಲಿ ಯಾರದು ತಪ್ಪೆಂದು ನ್ಯಾಯ ಹೇಳಲು ನಾವು ಹೊರಟಿಲ್ಲ. ನಂಬಿಕೆ ಬದಲಿಸಿದ ಹುಡುಗನ ನೋವೂ ದಿಟ, ಬಾಗಿಲಲ್ಲಿ ನಿಂತು ಕಾದ ತಾಯಿಯ ನೋವೂ ದಿಟ.

ಮೋಗ್ಲಿಂಗರು ಈ ಹೊಣೆಯಿಂದ ತಪ್ಪಿಸಿಕೊಳ್ಳಲಿಲ್ಲ. 1846ರಲ್ಲಿ ಸ್ವದೇಶಕ್ಕೆ ಹೋಗುವಾಗ ಕೌಂಡಿನ್ಯನನ್ನೂ ಕರೆದುಕೊಂಡು ಹೋದರು. ಬಾಸೆಲಿನ ವಿದ್ಯಾಲಯದಲ್ಲಿ ಯುರೋಪಿನ ಹುಡುಗರ ಸಾಲಿನಲ್ಲಿಯೇ ಕುಳಿತು ಓದಿದ ಕೌಂಡಿನ್ಯರು 1851ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದು ಮಂಗಳೂರಿಗೆ ಮರಳಿದರು. ಬಿಳಿಯರೇ ಯಜಮಾನರಾಗಿದ್ದ ಕಾಲದಲ್ಲಿ ಶಿಷ್ಯನನ್ನು ತಮ್ಮ ಸಮಾನ ಸ್ಥಾನಕ್ಕೆ ಏರಿಸಿದ್ದು ದೊಡ್ಡ ಮಾತು. ತಾನು ಹೋದ ಮೇಲೂ ಕೆಲಸ ನಡೆಯುವಂತೆ ಮಾಡುವವನೇ ಮುಂದಾಳು.

ಪುರಾಣಗಳಿಗೆ ಅಚ್ಚು

ಮತ್ತೆ ಮಂಗಳೂರಿಗೆ ಬಂದ ಮೇಲೆ ಮೋಗ್ಲಿಂಗರು ಹಿಡಿದ ಕೆಲಸ ಇನ್ನೂ ಅಚ್ಚರಿಯದು. ನೀಲಗಿರಿಯಲ್ಲಿ ನೆಲಸಿದ್ದ ಕ್ಯಾಸಮೇಜರ್ ಎಂಬ ನಿವೃತ್ತ ಅಧಿಕಾರಿ ಹಣದ ನೆರವು ಕೊಟ್ಟರು. 1848ರಿಂದ ಮುಂದಕ್ಕೆ ಕೆಲವೇ ವರ್ಷಗಳಲ್ಲಿ ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಹಳೆಯ ಕನ್ನಡ ಕಾವ್ಯಗಳು ಕಲ್ಲಚ್ಚಿನಲ್ಲಿ ಹೊರಬಂದವು. ವೀರಶೈವರ ಬಸವಪುರಾಣ, ಲಕ್ಷ್ಮೀಶನ ಜೈಮಿನಿ ಭಾರತ, ದಾಸರ ಪದಗಳ ಸಂಗ್ರಹ ಇವೆಲ್ಲ ಅದರಲ್ಲಿ ಸೇರಿದವು. ಗಾದೆಗಳ ಸಂಗ್ರಹವನ್ನೂ ಅವರು ಬೇರೆಯಾಗಿ ಅಚ್ಚು ಹಾಕಿಸಿದರು. ಓಲೆಗರಿಗಳಲ್ಲಿ, ಗಮಕಿಗಳ ಬಾಯಲ್ಲಿ, ದಾಸಯ್ಯನ ತಂಬೂರಿಯಲ್ಲಿ ಉಳಿದಿದ್ದುದು ಕಾಗದಕ್ಕೆ ಬಂದಿತು.

ಒಬ್ಬ ಪಾದ್ರಿ ಅನ್ಯಮತದ ಪುರಾಣವನ್ನು ಏಕೆ ಅಚ್ಚು ಹಾಕಿಸಬೇಕು? ಜನರ ಮನಸ್ಸನ್ನು ತಿಳಿಯಲು, ಭಾಷೆಯನ್ನು ಚೆನ್ನಾಗಿ ಕಲಿಯಲು ಎಂಬುದು ಮೊದಲ ಉತ್ತರ. ಆದರೆ ಅಷ್ಟೇ ಆಗಿದ್ದರೆ ಜರ್ಮನಿಗೆ ಹೋದ ಮೇಲೂ ದಾಸರ ಹಾಡುಗಳನ್ನು ಜರ್ಮನ್ ಭಾಷೆಗೆ ತಂದು ಅಲ್ಲಿನ ಪಂಡಿತರ ಪತ್ರಿಕೆಯಲ್ಲಿ ಪ್ರಕಟಿಸುವ ಅಗತ್ಯ ಇರಲಿಲ್ಲ. ಸಾಧನವೆಂದು ಹಿಡಿದ ಭಾಷೆ ಅವರನ್ನೇ ಹಿಡಿದುಕೊಂಡಿತೆಂದು ನಮಗೆ ತೋರುತ್ತದೆ. ತಮ್ಮ ದೇವರ ಮೇಲಿನ ನಂಬಿಕೆ ಕದಲಲಿಲ್ಲ. ಅನ್ಯರ ಭಕ್ತಿಯ ಮುಂದೆ ಕಿವಿ ತೆರೆಯಿತು. ಬೆಳವಣಿಗೆ ಎಂದರೆ ಇದೇ.

ಕೊಡಗಿನ ದಾರಿ

1852ರ ಹೊತ್ತಿಗೆ ದೇಹ ಸೋತು ಅವರು ಯುರೋಪಿಗೆ ಹೊರಡುವ ಯೋಚನೆಯಲ್ಲಿದ್ದರು. ಆಗ ಕ್ರೈಸ್ತ ಮತದ ಕಡೆಗೆ ಒಲಿದಿದ್ದ ಅಳಮಂಡ ಸೋಮಯ್ಯ ಎಂಬ ಕೊಡವರೊಬ್ಬರು ಅವರಲ್ಲಿಗೆ ಬಂದರು. ಮೋಗ್ಲಿಂಗರು ಹಡಗಿನ ಯೋಚನೆ ಬಿಟ್ಟು 1853ರಲ್ಲಿ ಘಟ್ಟ ಹತ್ತಿ ಕೊಡಗಿಗೆ ಹೋದರು. ಬಾಸೆಲ್ ಮಿಶನ್ನಿನ ಸಂಬಂಧ ಬಿಟ್ಟೇ ಹೋದರು. ಸಂಬಳವಿಲ್ಲ, ಸಂಸ್ಥೆಯ ಬೆಂಬಲವಿಲ್ಲ. ನಲವತ್ತು ದಾಟಿದ ವಯಸ್ಸಿನಲ್ಲಿ ಇಂಥ ನಿರ್ಧಾರ ತೆಗೆದುಕೊಳ್ಳುವುದು ಎಷ್ಟು ಕಷ್ಟವೆಂದು ಅದೇ ವಯಸ್ಸಿನಲ್ಲಿರುವ ನಮಗೆ ಗೊತ್ತಿದೆ.

ಪಾಲೀನಾ ಎಂಬ ವಿಧವೆಯನ್ನು ಅವರು ವಿವಾಹವಾದರು. ತಾಯ್ನಾಡಿನಲ್ಲಿ ಮಕ್ಕಳನ್ನು ಬಿಟ್ಟು ಬಂದಿದ್ದ ಆಕೆ ಕೊಡಗಿನ ಕೆಲಸದಲ್ಲಿ ಜೊತೆಯಾದರು. ಅರಸರ ಆಳ್ವಿಕೆಯ ಇತಿಹಾಸ, ಜನರ ನಡೆನುಡಿಗಳನ್ನು ಕುರಿತು ಮೋಗ್ಲಿಂಗರು ಬರೆದ ಇಂಗ್ಲಿಷ್ ಗ್ರಂಥ 1855ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಕೊಡಗಿನ ಚರಿತ್ರೆ ಬರೆಯುವವರು ಅದನ್ನು ನೋಡದೆ ಮುಂದೆ ಹೋಗುವಂತಿಲ್ಲ.

ಆದರೆ ಅವರು ನಿರೀಕ್ಷಿಸಿದಂತೆ ಕೊಡವರು ಗುಂಪುಗುಂಪಾಗಿ ಬರಲಿಲ್ಲ. ಬಂದವರು ಹೊಲೆಯರು. ತಲೆಮಾರುಗಳಿಂದ ಒಡೆಯರ ಗದ್ದೆಗೆ ಕಟ್ಟಿಬಿದ್ದಿದ್ದ ಆಳುಗಳು. ಅವರಿಗಾಗಿ ನೆಲ ಹಿಡಿದು ಆನಂದಪುರವೆಂಬ ಊರನ್ನೇ ಕಟ್ಟಿದರು. ಶಿಷ್ಯ ಆನಂದರಾವ್ ಕೌಂಡಿನ್ಯರ ಹೆಸರಿನ ಊರು ಅದು. ಕಾಫಿ ತೋಟ ಹಾಕಿ ಜನಕ್ಕೆ ಕೆಲಸ ಕೊಡಬೇಕೆಂಬುದು ಯೋಜನೆ. ವಿದ್ಯಾವಂತರನ್ನು ಗೆಲ್ಲಬೇಕೆಂದು ಬಂದ ಟ್ಯೂಬಿಂಗನ್ನಿನ ಪಂಡಿತರು ಕೊನೆಗೆ ಎಲ್ಲರೂ ದೂರವಿಟ್ಟ ಜನರ ನಡುವೆ ಗುಡಿಸಲು ಕಟ್ಟಿಸುವ ಕೆಲಸಕ್ಕೆ ನಿಂತರು. ಅವರ ಇಡೀ ಬಾಳಿನ ತಿರುವು ಇಲ್ಲಿದೆ. 1850ರ ದಶಕದ ಕೊನೆಗೆ ಬಾಸೆಲ್ ಮಿಶನ್ ಆ ಕೆಲಸವನ್ನು ತನ್ನ ಕೈಗೆ ತೆಗೆದುಕೊಂಡಿತು.

1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರ ಕನ್ನಡ ಸಾಹಿತ್ಯ ಸೇವೆಗಾಗಿ ಗೌರವ ಡಾಕ್ಟರೇಟ್ ಕೊಟ್ಟಿತು. ಪತ್ನಿಯ ಅನಾರೋಗ್ಯದಿಂದ 1860ರಲ್ಲಿ ತಾಯ್ನಾಡಿಗೆ ಮರಳಿದವರು ಮತ್ತೆ ಈ ದೇಶಕ್ಕೆ ಬರಲಾಗಲಿಲ್ಲ. 1881ರ ಮೇ 10ರಂದು ಎಸ್ಲಿಂಗನ್ ಪಟ್ಟಣದಲ್ಲಿ ತೀರಿಕೊಂಡರು. ಎಪ್ಪತ್ತು ತುಂಬಲು ಇನ್ನು ಹತ್ತೊಂಬತ್ತು ದಿನ ಉಳಿದಿದ್ದವು. ಕೌಂಡಿನ್ಯರು 1893ರವರೆಗೆ ಬಾಳಿದರು. ಬಹುಕಾಲ ಕನ್ನಡಿಗರು ಮೋಗ್ಲಿಂಗರನ್ನು ಮರೆತೇ ಇದ್ದರು. ಡಾ. ಶ್ರೀನಿವಾಸ ಹಾವನೂರರಂಥ ಸಂಶೋಧಕರು ಹತ್ತೊಂಬತ್ತನೆಯ ಶತಮಾನದ ಕನ್ನಡವನ್ನು ಅಗೆದು ತೆಗೆದ ಮೇಲೆಯೇ ಈ ಹೆಸರು ಮತ್ತೆ ಬೆಳಕಿಗೆ ಬಂದದ್ದು.

ಗಡಿಯವರಿಗೊಂದು ಮಾತು

ಈ ವರ್ಷ ನಮ್ಮ ಎಂಟನೆಯ ತರಗತಿಯಲ್ಲಿ ಹನ್ನೊಂದು ಮಕ್ಕಳು. ಮೆಣಸಿನಕಾಯಿ ಸುಗ್ಗಿ ಬಂದರೆ ಅದರಲ್ಲಿ ನಾಲ್ವರು ಉಳಿದಾರೋ ಇಲ್ಲವೋ. ಕನ್ನಡ ಕಲಿತು ಏನಾಗಬೇಕೆಂದು ಕೇಳುವ ತಂದೆತಾಯಿಯರಿಗೆ ಹೇಳುವ ಉತ್ತರ ನಮ್ಮಲ್ಲಿ ಸಿದ್ಧವಾಗಿಲ್ಲ. ಕಾಸರಗೋಡಿನ ಅಧ್ಯಾಪಕ ಬಂಧುಗಳಿಗೂ ಈ ಪ್ರಶ್ನೆ ಹೊಸದಲ್ಲ. ಇಂಥ ದಿನ ಸಂಜೆ ಆಸ್ಪರಿಯ ನಿಲ್ದಾಣದ ಬೆಂಚಿನ ಮೇಲೆ ಕುಳಿತಾಗ ಮೋಗ್ಲಿಂಗರ ನೆನಪಾಗುತ್ತದೆ.

ಅವರ ಪತ್ರಿಕೆ ಬೇಗ ನಿಂತಿತು. ಅವರು ಬಯಸಿದ ಜನಸ್ತೋಮ ಅವರ ಕಡೆ ಬರಲಿಲ್ಲ. ಕಟ್ಟಿದ ಊರನ್ನು ಬಿಟ್ಟು ಹೋಗಬೇಕಾಯಿತು. ಲೆಕ್ಕ ಹಾಕುವವರಿಗೆ ಇದೆಲ್ಲ ಸೋಲೇ. ಆದರೂ ಒಂದು ದುಡ್ಡಿನ ನಾಲ್ಕು ಪುಟದ ಆ ಹಾಳೆಯಿಂದ ಹೊರಟ ಸಾಲಿನ ತುದಿಯಲ್ಲಿ ನೀವು ಈಗ ಕೈಯಲ್ಲಿ ಹಿಡಿದಿರುವ ಈ ಪತ್ರಿಕೆ ಇದೆ. ಮಂಗಳೂರಿನ ಕಲ್ಲು ಸಾಲದಾದಾಗ ಬಳ್ಳಾರಿಯ ಮೊಳೆ ಹುಡುಕಿಕೊಂಡು ಹೋದ ಆ ಛಲವನ್ನು ನಾವು ಅವರಿಂದ ಕಲಿಯಬಹುದು. ನಾಳೆ ತರಗತಿಯಲ್ಲಿ ಹನ್ನೊಂದು ಮಂದಿ ಇದ್ದರೂ ನಾಲ್ವರೇ ಇದ್ದರೂ ಈ ಪತ್ರಿಕೆಯ ಒಂದು ಪುಟವನ್ನು ಗಟ್ಟಿಯಾಗಿ ಓದಿಸುವೆವು. ಕಾಸರಗೋಡಿನ ಓದುಗರು ತಮ್ಮ ಮನೆಯ ಮಗುವಿನಿಂದಲೂ ಅಷ್ಟನ್ನು ಓದಿಸಿದರೆ ಎರಡು ಗಡಿಗಳ ಕೆಲಸ ಒಂದೇ ದಿನ ನಡೆದಂತಾಗುತ್ತದೆ.